ಲೈಬ್ರರಿ ಅಕ್ಕನಿಗೆ ಕೇಳಿ: ಕೋಟು ತೊಟ್ಟ ಪತ್ತೇದಾರನೂ ಮಟ್ಟುಗುಳ್ಳವೂ

ಉಡುಪಿಯ ರಥಬೀದಿಗೆ ಸೇರುವ ಓಣಿಯೊಂದರಲ್ಲಿ 1987ರಿಂದ ಬಾಡಿಗೆ ಪುಸ್ತಕದ ಲೈಬ್ರರಿ ನಡೆಸುತ್ತಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಆರಕ್ಕೆ ಆರೂ ಪತ್ತೇದಾರಿ ಕಥೆಗಳ ಬಗ್ಗೆಯೇ ಇವೆ. ಮಣಿಪಾಲದ ಹುಡುಗನ ಪತ್ರ ನನ್ನನ್ನು ಎರಡು ದಿನ ಹಿಡಿದು ಕೂರಿಸಿತು. ಆದ್ದರಿಂದ ಅದಕ್ಕೆ ಮೊದಲ ಮಣೆ.

ಪ್ರಶ್ನೆ: ಅಕ್ಕಾ, ಹಳೆಯ ಅಮೆರಿಕನ್ ಪತ್ತೇದಾರಿ ಕಥೆಗಳ ಧಾಟಿಯಲ್ಲಿ ಒಂದು ನಗೆಗಥೆ ಬರೆದಿದ್ದೇನೆ. ಪತ್ತೇದಾರನ ಕಚೇರಿ ಮಂಗಳೂರಿನ ಬಂದರಿನಲ್ಲಿದೆ. ಉದ್ದ ಕೋಟು, ಟೊಪ್ಪಿ, ಬಾಯಲ್ಲಿ ಸದಾ ಸಿಗರೇಟು. ವಜ್ರದ ಹಾರ ಕಳೆದುಕೊಂಡ ಸುಂದರಿಯೊಬ್ಬಳು ಬರುತ್ತಾಳೆ. ಇವನು ಬಾಳೆಹಣ್ಣಿನ ಸಿಪ್ಪೆ ಮೆಟ್ಟಿ ಜಾರುತ್ತಾನೆ, ಪಿಸ್ತೂಲು ತೆಗೆಯಲು ಹೋಗಿ ಬಾಚಣಿಗೆ ತೆಗೆಯುತ್ತಾನೆ. ಹಾಸ್ಟೆಲಿನಲ್ಲಿ ಓದಿ ಹೇಳಿದಾಗ ಒಬ್ಬರೂ ನಗಲಿಲ್ಲ. ಪ್ರತಿ ಇದರೊಂದಿಗೆ ಇಟ್ಟಿದ್ದೇನೆ. ಎಲ್ಲಿ ತಪ್ಪಿದೆ? (ವಿದ್ಯಾರ್ಥಿ, ಮಣಿಪಾಲ)

ಉತ್ತರ: ನಿಮ್ಮ ಹನ್ನೊಂದು ಪುಟಗಳನ್ನೂ ಎರಡೆರಡು ಸಲ ಓದಿದೆ. ಬರವಣಿಗೆಯ ಕೈ ಚೆನ್ನಾಗಿದೆ. ಆದರೆ ನಿಮ್ಮ ಪತ್ತೇದಾರನನ್ನು ನೀವು ಬೀಳಿಸುವುದಕ್ಕೆಂದೇ ಕರೆತಂದಿದ್ದೀರಿ. ಎರಡನೆಯ ಪುಟ ತಿರುವುವಷ್ಟರಲ್ಲಿ ಓದುವವರಿಗೆ ಅದು ತಿಳಿದುಹೋಗುತ್ತದೆ. ಸಿಪ್ಪೆ ಕಂಡ ಕೂಡಲೇ ಜಾರುತ್ತಾನೆಂದು ಗೊತ್ತು. ಗೊತ್ತಿದ್ದದ್ದೇ ನಡೆದರೆ ಯಾರಿಗೆ ನಗು ಬಂದೀತು?

ನಮ್ಮ ಯಕ್ಷಗಾನ ಮೇಳಗಳ ಹಾಸ್ಯಗಾರರನ್ನು ನೆನಪಿಸಿಕೊಳ್ಳಿ. ದೂತನ ವೇಷದಲ್ಲಿ ರಾಜನ ಓಲೆ ಹಿಡಿದು ಬರುವಾಗ ಆ ಓಲೆಗಿಂತ ದೊಡ್ಡದು ಮೂರು ಲೋಕದಲ್ಲಿ ಇಲ್ಲವೆಂದು ಅವರು ನಂಬಿರುತ್ತಾರೆ. ದಾರಿ ತಪ್ಪುತ್ತಾರೆ, ಮಾತು ತಪ್ಪುತ್ತಾರೆ, ಓಲೆಯನ್ನು ಮಾತ್ರ ಕೈಬಿಡುವುದಿಲ್ಲ. ಆ ನಂಬಿಕೆ ಇರುವುದರಿಂದಲೇ ರಾತ್ರಿ ಎರಡು ಗಂಟೆಗೆ ಕಣ್ಣೆಳೆಯುತ್ತ ಕೂತವರೂ ಎದ್ದು ನಗುತ್ತಾರೆ. ನಿಮ್ಮ ಪತ್ತೇದಾರನಿಗೂ ಅಂಥದೊಂದು ಓಲೆ ಬೇಕು.

ಅವನ ಹುಟ್ಟನ್ನೂ ಸ್ವಲ್ಪ ತಿಳಿದುಕೊಳ್ಳಿ. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು, 1933ರವರೆಗೆ ಇತ್ತು. ಕಳ್ಳ ಸಾರಾಯಿಯ ದುಡ್ಡು ಪೊಲೀಸರ ಕಿಸೆಗೂ ರಾಜಕಾರಣಿಗಳ ಕಿಸೆಗೂ ಇಳಿಯಿತು. ಅದೇ 1920ರಲ್ಲಿ ಶುರುವಾದ ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಕಾಗದದ ಪತ್ರಿಕೆಯಲ್ಲಿ ಈ ಹೊಸ ಬಗೆಯ ಪತ್ತೇದಾರ ಬೆಳೆದ. ಅವನನ್ನು ಬೆಳೆಸಿದವರಲ್ಲಿ ಮುಖ್ಯರಾದ ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿದವರು. ಬಂಗಲೆಯ ದಿವಾನಖಾನೆಯಲ್ಲಿ ಒಗಟು ಬಿಡಿಸುತ್ತಿದ್ದ ಕಥೆಯನ್ನು ಅವರು ಬೀದಿಗೆ ತಂದರು. ಅವರ ಪತ್ತೇದಾರನಿಗೆ ಎಲ್ಲರೂ ಸುಳ್ಳು ಹೇಳುತ್ತಾರೆ, ಪೊಲೀಸರು ಹೊಡೆಯುತ್ತಾರೆ, ಕೆಲಸ ಕೊಟ್ಟವರೇ ಮೋಸ ಮಾಡುತ್ತಾರೆ. ಆದರೂ ಒಪ್ಪಿಕೊಂಡ ಕೆಲಸವನ್ನು ಅವನು ಮುಗಿಸಿಯೇ ತೀರುತ್ತಾನೆ. ಆ ಹಟವೇ ಈ ಕಥೆಗಳ ಜೀವಾಳ. ಕೋಟು, ಟೊಪ್ಪಿ, ಸಿಗರೇಟು ಅದರ ಮೇಲಿನ ಬಟ್ಟೆಬರೆ. ನೀವು ಬಟ್ಟೆಯನ್ನು ತಂದು ಆಳನ್ನು ಬಿಟ್ಟಿದ್ದೀರಿ.

ಇದನ್ನು ನಗಿಸುವಂತೆ ಬರೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹ್ಯಾಮೆಟ್ ಅವರೇ 1934ರಲ್ಲಿ, ತಮ್ಮ ಕೊನೆಯ ಕಾದಂಬರಿಯಲ್ಲಿ, ಮಾತುಮಾತಿಗೂ ಕೀಟಲೆ ಮಾಡುವ ಗಂಡಹೆಂಡಿರನ್ನು ಕೊಲೆಯ ತನಿಖೆಗೆ ಇಳಿಸಿದರು. ಕೊಲೆ ಅಲ್ಲಿಯೂ ಕೊಲೆಯೇ. ನಗು ಹುಟ್ಟುವುದು ಆ ಇಬ್ಬರ ನಡುವೆ.

ಇನ್ನು ಊರಿನ ವಿಷಯ. ನಿಮ್ಮ ಕಥೆಯ ನಿಜವಾದ ನಗು ಅಲ್ಲೇ ಇದೆ, ನೀವು ಅದನ್ನು ಮುಟ್ಟಿಯೇ ಇಲ್ಲ. ಆ ಅಮೆರಿಕನ್ ಪತ್ತೇದಾರ ಒಂಟಿ. ಯಾರಿಗೂ ಗೊತ್ತಾಗದಂತೆ ಬೀದಿಯ ಮೂಲೆಯಲ್ಲಿ ನಿಂತು ಕಾಯಬಲ್ಲ. ಮಂಗಳೂರು, ಉಡುಪಿಗಳಲ್ಲಿ ಒಂಟಿಯಾಗಿ ನಿಲ್ಲುವುದು ಸಾಧ್ಯವೇ? ಐದು ನಿಮಿಷ ನಿಂತರೆ ಆರನೆಯ ನಿಮಿಷಕ್ಕೆ ಯಾರೋ ಬಂದು ‘ನೀವು ಇಂಥವರ ಮಗನಲ್ಲವೇ? ಅಮ್ಮನ ಮಂಡಿನೋವು ಹೇಗಿದೆ?’ ಎನ್ನುತ್ತಾರೆ.

ನನಗೇ ಆದದ್ದು ಹೇಳುತ್ತೇನೆ. 1994ರ ಜುಲೈ. ನನ್ನ ಲೈಬ್ರರಿಯ ಏಳು ಪತ್ತೇದಾರಿ ಕಾದಂಬರಿಗಳಿಂದ ಕೊನೆಯ ಹಾಳೆ ಮಾಯವಾಗಿತ್ತು. ಕತ್ತರಿಯಿಂದ ಕತ್ತರಿಸಿದ್ದಲ್ಲ, ಅಡ್ಡಪಟ್ಟಿ ಇಟ್ಟು ನಿಧಾನವಾಗಿ ಹರಿದದ್ದು. ಅಂಚು ಅಷ್ಟು ನೇರವಾಗಿತ್ತು. ಓದುಗರು ಕೌಂಟರಿಗೆ ಬಂದು ‘ಕೊಲೆಗಾರ ಯಾರು ಹೇಳಿ’ ಎಂದು ನನ್ನ ಮುಂದೆ ನಿಲ್ಲುತ್ತಿದ್ದರು. ನನಗೆ ಬಂದ ಸಿಟ್ಟು ಸಣ್ಣದಲ್ಲ. ರಿಜಿಸ್ಟರ್ ತೆರೆದು ಏಳೂ ಪುಸ್ತಕಗಳ ಸಾಲುಗಳಲ್ಲಿ ಬೆರಳಾಡಿಸಿದೆ. ಏಳರಲ್ಲೂ ಇದ್ದ ಹೆಸರು ಒಂದೇ, ಕಾರ್ಕಳದ ಬಸ್ಸಿನ ಕಂಡಕ್ಟರೊಬ್ಬರದು. ಅವರನ್ನು ಮಾಲುಸಮೇತ ಹಿಡಿಯಬೇಕೆಂದು ಮಂಗಳವಾರ ಬೆಳಿಗ್ಗೆ ಸರ್ವಿಸ್ ಬಸ್ ಸ್ಟ್ಯಾಂಡಿಗೆ ಹೋಗಿ ಕಂಬದ ಮರೆಯಲ್ಲಿ ಕೊಡೆ ಬಿಚ್ಚಿ ನಿಂತೆ. ಮಲ್ಲಿಗೆ ಮಾರುವಾಕೆ ‘ಯಾರನ್ನು ಕಾಯುತ್ತಿದ್ದೀರಿ ಅಕ್ಕಾ?’ ಎಂದಳು. ನಾನು ಹೇಳಲಿಲ್ಲ. ಅವಳು ‘ಕಾರ್ಕಳ ಕಾರ್ಕಳ’ ಎಂದು ಕೂಗುತ್ತಿದ್ದ ಏಜೆಂಟನ ಕಡೆ ನೋಡಿದಳು. ಅವನು ನನ್ನ ಕೈಯಲ್ಲಿದ್ದ ರಿಜಿಸ್ಟರ್ ನೋಡಿದ. ಬಸ್ಸು ಇನ್ನೂ ನಿಲ್ದಾಣದ ಒಳಗೆ ತಿರುಗುತ್ತಿರುವಾಗಲೇ ಆತ ಓಡಿಹೋಗಿ ಫುಟ್‌ಬೋರ್ಡ್ ಹತ್ತಿದ. ಕಂಡಕ್ಟರು ಇಳಿದು ನೇರವಾಗಿ ನನ್ನ ಕಂಬದ ಹತ್ತಿರಕ್ಕೇ ಬಂದರು. ತೊಗಲಿನ ಚೀಲದೊಳಗೆ ಕೈ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ ಹಾಳೆಗಳ ಕಟ್ಟನ್ನು ತೆಗೆದು ನನ್ನ ಕೈಯಲ್ಲಿಟ್ಟರು.

ಆ ಕಾದಂಬರಿಗಳ ಕೊನೆಯ ಹಾಳೆಯ ಹಿಂಬದಿಯಲ್ಲಿ ಪ್ರಕಾಶಕರ ಪುಸ್ತಕಪಟ್ಟಿ ಇರುತ್ತಿತ್ತು. ಕಂಡಕ್ಟರಿಗೆ ಬೇಕಾಗಿದ್ದುದು ಆ ಪಟ್ಟಿ. ಓದಿದ್ದಕ್ಕೆಲ್ಲ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಓದದೆ ಉಳಿದದ್ದನ್ನು ಕಾರ್ಕಳದಲ್ಲೂ ಮೂಡುಬಿದಿರೆಯಲ್ಲೂ ಕೇಳಿಕೊಂಡು ತಿರುಗುತ್ತಿದ್ದರು. ಮಳೆಗೆ ಚೀಲ ನೆನೆದು ಏಳರಲ್ಲಿ ನಾಲ್ಕು ಹಾಳೆ ಮುದ್ದೆಯಾಗಿದ್ದವು. ನಾನು ಬೈಯಲೆಂದು ಕಟ್ಟಿಕೊಂಡು ಹೋದ ಮಾತೆಲ್ಲ ಗಂಟಲಲ್ಲೇ ನಿಂತಿತು.

ಕಂಬದ ಮರೆ, ಕೊಡೆ, ರಿಜಿಸ್ಟರ್, ಹಿಂಬಾಲಿಸುವ ಸಂಕಲ್ಪ ಎಲ್ಲವೂ ಇದ್ದವು. ಊರು ಅದನ್ನು ಕಾಲು ಗಂಟೆಯಲ್ಲಿ ಬಿಡಿಸಿಹಾಕಿತು. ನಿಮ್ಮ ಪತ್ತೇದಾರನನ್ನು ಇಂಥ ಊರಿನಲ್ಲಿ ನಿಲ್ಲಿಸಿ. ಅವನು ಪೂರ್ತಿ ಗಂಭೀರವಾಗಿರಲಿ, ಊರು ಪೂರ್ತಿ ಅಕ್ಕರೆಯಿಂದ ಅಡ್ಡ ಬರಲಿ. ಬಾಳೆಹಣ್ಣಿನ ಸಿಪ್ಪೆಯೇ ಬೇಡ.

ವಜ್ರದ ಹಾರವನ್ನೂ ಬಿಡಿ. 1930ರಲ್ಲಿ ಪುಸ್ತಕವಾಗಿ ಬಂದ ಹ್ಯಾಮೆಟ್ ಅವರ ಹೆಸರಾಂತ ಕಾದಂಬರಿಯಲ್ಲಿ ಎಲ್ಲರೂ ಮೈತುಂಬ ರತ್ನ ಕೂರಿಸಿದ ಒಂದು ಹಕ್ಕಿಯ ಗೊಂಬೆಗಾಗಿ ಬಡಿದಾಡಿ ಸಾಯುತ್ತಾರೆ. ಕೊನೆಗೆ ಕೆರೆದು ನೋಡಿದರೆ ಅದು ಸೀಸ. ನಮ್ಮಲ್ಲಿ ಅದಕ್ಕೆ ಸಮನಾದ ವಸ್ತು ಮಟ್ಟುಗುಳ್ಳವೆಂಬ ಬದನೆಕಾಯಿ. ತಿಳಿಹಸಿರು ಮೈ, ಬಿಳಿಯ ಗೆರೆ, ತೆಳು ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ವಾದಿರಾಜರು ಕೊಟ್ಟ ಬೀಜವೆಂಬ ನಂಬಿಕೆ, ಮಟ್ಟು ಗ್ರಾಮದ ಮಣ್ಣು, ಭೌಗೋಳಿಕ ಗುರುತಿನ ಮಾನ್ಯತೆ ಎಲ್ಲ ಸೇರಿ ಅದಕ್ಕೊಂದು ಬೆಲೆ ಇದೆ. ಬೇರೆ ಕಡೆಯ ಬದನೆ ಅದರ ಹೆಸರಿನಲ್ಲಿ ಮಾರಾಟವಾಗದಿರಲೆಂದು ಬೆಳೆಗಾರರು ಕಾಯಿಗೆ ಚೀಟಿ ಅಂಟಿಸುತ್ತಾರೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವಕ್ಕೆ ಇನ್ನು ಎರಡೇ ದಿನ ಇರುವಾಗ ಹೊರೆಕಾಣಿಕೆಯ ಬುಟ್ಟಿಯಲ್ಲಿ ನಕಲಿ ಚೀಟಿಯ ಗುಳ್ಳ ಸಿಕ್ಕಿತೆನ್ನಿ. ಬೆಳೆಗಾರನೊಬ್ಬ ಪತ್ತೇದಾರನ ಮೇಜಿನ ಮೇಲೆ ಆ ಕಾಯಿಯನ್ನು ಇಟ್ಟು ಕಣ್ಣು ಒರೆಸಿಕೊಳ್ಳುತ್ತಾನೆ. ಓದುಗರು ಮೊದಲು ನಗುತ್ತಾರೆ, ಆಮೇಲೆ ಆ ಬೆಳೆಗಾರನ ಮುಖ ನೋಡುತ್ತಾರೆ. ಎರಡೂ ಆಗಬೇಕು. ಹೋಳು ಮಾಡಿ ಹುಳಿಗೆ ಹಾಕಿ ರುಚಿ ನೋಡಿದ ಅಡುಗೆಯವರೇ ಪರೀಕ್ಷೆಯ ಫಲಿತಾಂಶ ಹೇಳಲಿ.

ಉಪಮೆಗಳ ಬಗ್ಗೆ ಒಂದು ಮಾತು. ‘ಅವಳ ಕಣ್ಣುಗಳು ತಣ್ಣನೆಯ ವಿಸ್ಕಿಯಂತಿದ್ದವು’ ಎಂದು ಬರೆದಿದ್ದೀರಿ. ಈ ಬಗೆಯ ಕಥೆಗಳಿಗೆ ಚುರುಕಾದ ಹೋಲಿಕೆ ಬೇಕು ನಿಜ, ಆದರೆ ಪತ್ತೇದಾರ ದಿನವೂ ಕಾಣುವ ವಸ್ತುವಿನಿಂದ ಅದು ಬರಬೇಕು. ‘ಹೆಸರು ಕೇಳಿದ್ದೇ ತಡ, ಅವನ ಮುಖ ಆಟಿ ಮಳೆಯ ಹಪ್ಪಳದಂತೆ ಮೆತ್ತಗಾಯಿತು.’ ‘ಅವನ ಉತ್ತರ ಕಡೆಯ ಟ್ರಿಪ್ಪಿನ ಬಸ್ಸಿನ ಹಾಗೆ, ಬರುತ್ತದೆಂದು ಎಲ್ಲರೂ ಹೇಳುತ್ತಾರೆ, ಬಂದದ್ದನ್ನು ಕಂಡವರಿಲ್ಲ.’ ಹೀಗೆ ಹತ್ತು ಬರೆಯಿರಿ, ಎಂಟನ್ನು ಹೊಡೆದುಹಾಕಿ. ಹೊಸ ಪ್ರತಿಯನ್ನು ನನಗೆ ಕಳಿಸಲೇಬೇಕು.

ಪ್ರಶ್ನೆ: ಹಳೆಯ ಅಮೆರಿಕನ್ ಪತ್ತೇದಾರಿ ಕಥೆಗಳಿಗೆ ಅಂಟಿದ ‘ಹಾರ್ಡ್‌ಬಾಯ್ಲ್ಡ್’ ಎಂಬ ಹೆಸರಿಗೆ ಕನ್ನಡದಲ್ಲಿ ಏನು ಹೇಳಬೇಕು? ಗಟ್ಟಿಯಾಗಿ ಬೇಯಿಸಿದ್ದು ಎಂದರೆ ಸರಿಯೇ? (ಓದುಗರು, ಕುಂದಾಪುರ)

ಉತ್ತರ: ಮೂಲದಲ್ಲಿ ಅದು ಮೊಟ್ಟೆಯ ಮಾತೇ. ಹಳದಿಯೂ ಗಟ್ಟಿಯಾಗುವಷ್ಟು ಬೆಂದದ್ದು ಎಂಬುದರಿಂದ, ಸುಲಭಕ್ಕೆ ಕರಗದ ಮನುಷ್ಯನಿಗೆ ಆ ಹೆಸರು ಬಂತು. ನಾವು ‘ಬೇಯಿಸಿದ ಪತ್ತೇದಾರ’ ಎಂದರೆ ಅಡುಗೆಮನೆಯ ಮಾತಾಗುತ್ತದೆ. ‘ಗಟ್ಟಿಗ’ ಎಂಬ ನಮ್ಮದೇ ಪದ ಸಾಕು. ಗಟ್ಟಿಗ ಪತ್ತೇದಾರ. ನಾನು ಕಪಾಟಿನ ಚೀಟಿಯ ಮೇಲೆ ಹಾಗೆಯೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರನಿಗೆ ಕಾನೂನಿನ ಮಾನ್ಯತೆಯೇ ಇಲ್ಲ. ಪಿಸ್ತೂಲು ಹಿಡಿದು ಓಡಾಡುವ ಹಾಗಿಲ್ಲ. ಹಾಗಿದ್ದ ಮೇಲೆ ಇಲ್ಲಿ ಇಂಥ ಕಥೆ ನಂಬುವಂತೆ ಬರೆಯುವುದು ಹೇಗೆ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಅಂಬಲಪಾಡಿ)

ಉತ್ತರ: ನಿಮ್ಮ ಮಾತು ಸರಿ. ಖಾಸಗಿ ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, ಕಾನೂನಾಗಲಿಲ್ಲ. ಆದರೆ ಪ್ರಶ್ನೆ ಕೇಳಿದ ನೀವೇ ಬ್ಯಾಂಕಿನವರು! ಉತ್ತರ ನಿಮ್ಮ ಕೌಂಟರಿನ ಎದುರಿಗೇ ಪ್ರತಿ ಸಂಜೆ ಬಂದು ನಿಲ್ಲುತ್ತಿತ್ತು. ಪಿಗ್ಮಿ ಕಲೆಕ್ಟರ್.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಸಂಗ್ರಹಿಸುವ ಏರ್ಪಾಡು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಎಂಬ ಮಾತು ಮಾತ್ರ ಊರಿನ ಬಾಯಲ್ಲಿ ಉಳಿದಿದೆ.

ಇವನಿಗಿಂತ ಒಳ್ಳೆಯ ಗಟ್ಟಿಗ ಪತ್ತೇದಾರನನ್ನು ಕರಾವಳಿಯಲ್ಲಿ ಎಲ್ಲಿ ಹುಡುಕುತ್ತೀರಿ? ದಿನವೂ ಅದೇ ಬೀದಿ, ಅದೇ ನೂರಿಪ್ಪತ್ತು ಬಾಗಿಲು. ಹನ್ನೊಂದು ವರ್ಷ ತಪ್ಪದೆ ಐವತ್ತು ರೂಪಾಯಿ ಕಟ್ಟಿದ ಸೋಡಾ ಅಂಗಡಿಯವರು ಒಂದು ಸೋಮವಾರ ‘ನಾಳೆ ಬನ್ನಿ’ ಎನ್ನುತ್ತಾರೆ. ಮಂಗಳವಾರವೂ ಅದೇ ಮಾತು. ಬುಧವಾರ ಅಂಗಡಿಯಲ್ಲಿ ಅವರೇ ಇಲ್ಲ, ಬಾಮೈದ ಕೂತಿದ್ದಾನೆ. ಊರಿಗೆ ಇನ್ನೂ ಏನೂ ಗೊತ್ತಿಲ್ಲ, ಇವನಿಗೆ ಗೊತ್ತಾಗಿದೆ. ಮಟ್ಕಾವೋ, ಬಡ್ಡಿಯ ಸಾಲವೋ, ಬೆದರಿಕೆಯೋ ಎಂದು ಇವನು ಸ್ಕೂಟರ್ ಸ್ಟಾರ್ಟ್ ಮಾಡುತ್ತ ಯೋಚಿಸುತ್ತಾನೆ. ಅಮೆರಿಕದ ಕಾದಂಬರಿಗಳಲ್ಲಿ ಬರುವ ಫಿಲಿಪ್ ಮಾರ್ಲೋ ಎಂಬ ಪತ್ತೇದಾರ ದಿನಕ್ಕೆ 25 ಡಾಲರು ಮತ್ತು ಖರ್ಚು ಕೇಳುತ್ತಾನೆ. ಇವನಿಗೆ ಸಂಗ್ರಹದ ಮೇಲಿನ ಕಮಿಷನ್, ಪೆಟ್ರೋಲು ಸ್ವಂತದ್ದು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದಿದೆ. ಒಬ್ಬರ ಖಾತೆಯ ಮಾತನ್ನು ಇನ್ನೊಬ್ಬರಿಗೆ ಹೇಳಿದ ದಿನವೇ ಅವನ ಕಸುಬು ಮುಗಿಯುತ್ತದೆ. ಎಲ್ಲರೂ ಎಲ್ಲವನ್ನೂ ಹೇಳಿಬಿಡುವ ಊರಿನಲ್ಲಿ ಬಾಯಿ ಬಿಡದಿರುವವನು ಅವನೊಬ್ಬನೇ. ಚಹಾ ಕೊಟ್ಟು ಕೇಳುತ್ತಾರೆ, ಬನ್ಸ್ ಕೊಟ್ಟು ಕೇಳುತ್ತಾರೆ, ಅತ್ತೆಯ ಕಡೆಯಿಂದ ಕೇಳಿಸುತ್ತಾರೆ. ಅವನು ಬನ್ಸ್ ತಿಂದು ರಸೀದಿ ಹರಿದುಕೊಟ್ಟು ಎದ್ದು ಹೋಗುತ್ತಾನೆ. ನೀವು ಅಂಥವರನ್ನು ಎಷ್ಟು ವರ್ಷ ಹತ್ತಿರದಿಂದ ಕಂಡಿದ್ದೀರಿ. ದಯವಿಟ್ಟು ನೀವೇ ಬರೆಯಿರಿ.

ಪ್ರಶ್ನೆ: ಮಳೆ, ಕತ್ತಲೆ, ಬೀದಿದೀಪ ಇಲ್ಲದೆ ಇಂಥ ಕಥೆ ನಡೆಯುವುದಿಲ್ಲವೇ? (ಓದುಗರು, ಮಲ್ಪೆ)

ಉತ್ತರ: ಮಾರ್ಲೋನ ಲಾಸ್ ಏಂಜಲೀಸ್ ಬಿಸಿಲಿನ ಊರು. ಅಲ್ಲಿ ಮಳೆ ಸುರಿದರೆ ಅದೇ ಒಂದು ಘಟನೆ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿತ್ತಲ ಬಾಗಿಲಿನ ನೆಂಟ, ಅದರಿಂದ ಯಾರೂ ಬೆಚ್ಚುವುದಿಲ್ಲ. ಆ ಉದ್ದ ಕೋಟನ್ನು ಇಲ್ಲಿ ಜುಲೈಯಲ್ಲಿ ಮೊಳೆಗೆ ತೂಗುಹಾಕಿದರೆ ವಾರದಲ್ಲಿ ಕಾಲರಿಗೆ ಬೂಷ್ಟು ಹಿಡಿಯುತ್ತದೆ. ನನ್ನ ಪುಸ್ತಕಗಳ ಬೆನ್ನನ್ನು ಆ ತಿಂಗಳುಗಳಲ್ಲಿ ದಿನವೂ ಒಣಬಟ್ಟೆಯಿಂದ ಒರೆಸುತ್ತೇನೆ. ಆದರೆ ನಿಮ್ಮ ಊರಿನಲ್ಲಿ ಮಳೆಗಿಂತ ಒಳ್ಳೆಯ ಸಂದರ್ಭವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಬೆಳಿಗ್ಗೆ ಎಣಿಸಿದಾಗ ಒಂದು ಬೋಟು ಹೆಚ್ಚಿಗೆ ಇದ್ದರೆ? ಕಳುವಾದದ್ದಕ್ಕಿಂತ ಹೆಚ್ಚಾದದ್ದನ್ನು ವಿವರಿಸುವುದು ಕಷ್ಟ.

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ಮಗಳು ರಾಶಿ ರಾಶಿ ಪತ್ತೇದಾರಿ ಓದುತ್ತಾಳೆ. ಇದು ಕೀಳು ಸಾಹಿತ್ಯವಲ್ಲವೇ? ಜೊತೆಗೆ ಇವುಗಳಲ್ಲಿ ಹೆಂಗಸರೆಂದರೆ ಒಂದೋ ಹೆಣ, ಇಲ್ಲವೇ ಮೋಸಗಾತಿ. (ಶಿಕ್ಷಕಿ, ಕಾರ್ಕಳ)

ಉತ್ತರ: ಮೊದಲ ಮಾತನ್ನು ನಾನು ಒಪ್ಪುವುದೇ ಇಲ್ಲ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಓದಲು ಕಲಿತು ಓದುವುದನ್ನು ಬಿಟ್ಟಿದ್ದ ಎಷ್ಟೋ ಮಂದಿಗೆ ಮತ್ತೆ ಪುಸ್ತಕ ಹಿಡಿಸಿದವರು ಅವರು. ನಾವು ನವೆಂಬರಿನಲ್ಲಿ ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರು. ರಹಸ್ಯ ಕಾದಂಬರಿಗಳಿಗೆ ಹೆಸರಾದ ಟಿ.ಕೆ. ರಾಮರಾಯರೇ ‘ಬಂಗಾರದ ಮನುಷ್ಯ’ವನ್ನೂ ಬರೆದರು. ನನ್ನ ಲೈಬ್ರರಿಗೆ ಬರುತ್ತಿದ್ದ ಹಿರಿಯ ಹೆಂಗಸರು ಇವುಗಳಿಗೆ ಪೇಪರಿನ ಹೊದಿಕೆ ಹಾಕಿಸಿಕೊಂಡು ಸೆರಗಿನೊಳಗೆ ಒಯ್ಯುತ್ತಿದ್ದರು. ನಿಮ್ಮ ಮಗಳು ಹೊದಿಕೆ ಇಲ್ಲದೆ ಓದಲಿ.

ಎರಡನೆಯ ಮಾತು ನಿಜ, ನನಗೂ ಅದು ಚುಚ್ಚುತ್ತದೆ. ಕಚೇರಿಯ ಬಾಗಿಲು ತಳ್ಳಿ ಬರುವ ಸುಂದರಿ ಮುಕ್ಕಾಲು ಪಾಲು ಕಥೆಗಳಲ್ಲಿ ಸುಳ್ಳುಗಾತಿ. ಆದರೆ ನಗೆಯ ತಿರುವು ಕೊಡಬೇಕಾದ ಜಾಗವೂ ಅದೇ. ಆ ಬಾಗಿಲನ್ನು ಮೀನಿನ ಬುಟ್ಟಿ ಇಳಿಸಿ ಒಬ್ಬಾಕೆ ತಳ್ಳಲಿ. ಅವಳೂ ಸುಳ್ಳು ಹೇಳಲಿ, ಮಗನ ಕಾಲೇಜಿನ ಶುಲ್ಕಕ್ಕೆಂದು ಗಂಡನಿಗೆ ತಿಳಿಯದಂತೆ ತೆಗೆದಿಟ್ಟ ಹಣದ ಬಗ್ಗೆ. ಪತ್ತೇದಾರ ತನ್ನ ಶುಲ್ಕ ಹೇಳಿದಾಗ ಬಂಗುಡೆಗೆ ಚೌಕಾಶಿ ಮಾಡುವವರನ್ನು ಮಣಿಸುವ ಅದೇ ದನಿಯಲ್ಲಿ ಅರ್ಧಕ್ಕೆ ಇಳಿಸಲಿ. ಆ ಹೊತ್ತಿಗೆ ಹರಾಜಿನ ಮೋಸವನ್ನು ಬಿಡಿಸಿದವಳೂ ಅವಳೇ ಆಗಿರುತ್ತಾಳೆ; ಯಾವ ಬೋಟಿನ ಮೀನು ಯಾವ ದಿನ ಎಷ್ಟಕ್ಕೆ ಹರಾಜಾಯಿತೆಂದು ಅವಳಿಗೆ ಬಾಯಿಪಾಠವಿದೆ. ನಿಮ್ಮ ಮಗಳಿಗೆ ಹೇಳಿ, ಬೇಸರವಾದ ಕಡೆ ತಾನೇ ತಿದ್ದಿ ಬರೆಯಲಿ.

ಪ್ರಶ್ನೆ: ಕೊನೆಯಲ್ಲಿ ಕೊಲೆಗಾರ ಯಾರೆಂದು ಹೇಳಲೇಬೇಕೇ ಅಕ್ಕಾ? ನಗೆಗಥೆಯಲ್ಲಿ ಅದು ತಪ್ಪಿದರೆ ನಡೆಯುವುದಿಲ್ಲವೇ? (ರಿಕ್ಷಾ ಚಾಲಕ, ಬಿಜೈ, ಮಂಗಳೂರು)

ಉತ್ತರ: ಮಾರ್ಲೋನನ್ನು ಸೃಷ್ಟಿಸಿದ ರೇಮಂಡ್ ಚಾಂಡ್ಲರ್ ಅವರ 1939ರ ಕಾದಂಬರಿಯಲ್ಲಿ ಕಾರಿನ ಚಾಲಕನೊಬ್ಬ ನೀರಿಗೆ ಬಿದ್ದು ಸಾಯುತ್ತಾನೆ. ಅದನ್ನು ಸಿನಿಮಾ ಮಾಡುತ್ತಿದ್ದವರಿಗೆ ಅದು ಕೊಲೆಯೋ ಆತ್ಮಹತ್ಯೆಯೋ ತಿಳಿಯದೆ ತಂತಿ ಕಳಿಸಿ ಕೇಳಿದರು. ತನಗೂ ಗೊತ್ತಿರಲಿಲ್ಲವೆಂದು ಚಾಂಡ್ಲರ್ ಅವರೇ ಆಮೇಲೆ ಪತ್ರವೊಂದರಲ್ಲಿ ಬರೆದಿದ್ದಾರೆ. ಆದರೂ ಓದುಗರು ಪುಸ್ತಕ ಬಿಡಲಿಲ್ಲ. ನೀವೂ ಚಾಲಕರು, ಆ ಬಡಪಾಯಿಯ ವಿಚಾರ ಯಾರಾದರೂ ಕೊನೆಗೂ ಕೇಳಬೇಕಿತ್ತೆಂದು ನಿಮಗೆ ಅನ್ನಿಸೀತು. ನನಗಂತೂ ಅನ್ನಿಸಿದೆ. ಆದ್ದರಿಂದ ನನ್ನ ಉತ್ತರ: ಹೇಳಿ. ಸತ್ತವರ ಲೆಕ್ಕ ಚುಕ್ತಾ ಆಗಲಿ.

ಹರಿದ ಹಾಳೆಗಳ ಕಥೆ ಮೇಲೆ ಹೇಳಿದೆನಲ್ಲ, ಅದರ ಉಳಿಕೆ ಇಷ್ಟಿದೆ. ಸರಿಯಾಗಿದ್ದ ಮೂರು ಹಾಳೆಗಳನ್ನು ಮೈದಾ ಗೋಂದು ಹಚ್ಚಿ ಅಂಟಿಸಿದೆ. ಮುದ್ದೆಯಾಗಿದ್ದ ನಾಲ್ಕರಲ್ಲಿ ಎರಡನ್ನು ನಾನು ಓದಿದ್ದೆ, ಅವುಗಳ ಮುಕ್ತಾಯವನ್ನು ಗೆರೆ ಹಾಕಿದ ಹಾಳೆಯಲ್ಲಿ ಕೈಯಾರೆ ಬರೆದು ಸೇರಿಸಿದೆ. ಮೂರನೆಯದನ್ನು ಆ ಕಂಡಕ್ಟರೇ ಕಾರ್ಕಳದಿಂದ ಬರುವ ದಾರಿಯಲ್ಲಿ ಟಿಕೆಟಿನ ಹಿಂಬದಿಗಳಲ್ಲಿ ಬರೆದುಕೊಟ್ಟರು, ಒಟ್ಟು ಹದಿನಾಲ್ಕು ಟಿಕೆಟು. ನಾಲ್ಕನೆಯದನ್ನು ಓದಿದ್ದ ಇಬ್ಬರು ಸಿಕ್ಕಿದರು. ಒಬ್ಬರು ವಕೀಲನೇ ಕೊಂದದ್ದೆಂದರು, ಇನ್ನೊಬ್ಬರು ತೋಟದ ಕಾವಲುಗಾರನೆಂದು ಆಣೆ ಹಾಕಿದರು. ಇಬ್ಬರ ಮಾತನ್ನೂ ಬರೆದು ಎರಡು ಹಾಳೆ ಅಂಟಿಸಿದ್ದೇನೆ. ಆ ಪುಸ್ತಕ ಈಗಲೂ ಮೂರನೆಯ ಕಪಾಟಿನಲ್ಲಿದೆ. ಉಡುಪಿಗೆ ಬಾಡಿಗೆ ಸಿಕ್ಕಿದ ದಿನ ಬನ್ನಿ, ನಿಮಗೆ ಓದಲು ಕೊಡುತ್ತೇನೆ.